ವೆಂಕಪ್ಪಯ್ಯನವರ ಮೂಗು ಮತ್ತು ಔರಂಗಾಬಾದಿನ ಯಂತ್ರ

ಲಂಡನ್ನಿಗೆ ಹೋಗಿ ಬಂದವರು ಪುಸ್ತಕ ಬರೆಯುತ್ತಾರೆ, ಸಿಂಗಾಪುರಕ್ಕೆ ಹೋಗಿ ಬಂದವರು ಹೊಸ ವಾಚು ಕಟ್ಟಿಕೊಂಡು ಮದುವೆಮನೆಗಳಲ್ಲಿ ಗಂಟೆ ನೋಡಿಕೊಳ್ಳುತ್ತಾರೆ. ನಾನು ಹೋದದ್ದು ನಾಸಿಕಕ್ಕೆ, ಅಲ್ಲಿಂದ ಔರಂಗಾಬಾದಿಗೆ. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರು. ಆಗಲೂ ಬಸ್ಸಿನಲ್ಲಿ ಅರ್ಧ ಜನ ಸಂಭಾಜಿನಗರ ಎನ್ನುತ್ತಿದ್ದರು, ಉಳಿದವರು ಔರಂಗಾಬಾದ್ ಎನ್ನುತ್ತಿದ್ದರು. ತುಮಕೂರಿನಲ್ಲಿ ಹುಟ್ಟಿ, ಓದಲು ಧಾರವಾಡದವರೆಗೆ ಹೋಗಿ, ಕೃಷ್ಣೆಯನ್ನು ಒಮ್ಮೆಯೂ ದಾಟಿರದ ನನಗೆ ಅದು ವಿದೇಶವೇ. ಭಾಷೆ ಬೇರೆ, ಚಹಾ ಬೇರೆ, ಸೀರೆ ಉಡುವ ರೀತಿ ಬೇರೆ. ಪಾಸ್‌ಪೋರ್ಟ್ ಒಂದನ್ನು ಯಾರೂ ಕೇಳಲಿಲ್ಲ, ಅಷ್ಟೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಡಿಗ್ರಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಮತ್ತು ನೀತಿಶಾಸ್ತ್ರ ಹೇಳುತ್ತಿದ್ದೆ. ಐದು ಜನ ವಿದ್ಯಾರ್ಥಿಗಳು, ಅದರಲ್ಲಿ ಇಬ್ಬರು ಫ್ಯಾನಿನ ಕೆಳಗೆ ಕೂರಲು ಬರುತ್ತಿದ್ದವರು. ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಔರಂಗಾಬಾದಿನ ವಿಶ್ವವಿದ್ಯಾಲಯವೊಂದರ ಸುತ್ತೋಲೆ ಅಂಟಿಸಿದ್ದರು. ಯೋಚಿಸುವ ಯಂತ್ರಗಳು ಮತ್ತು ನೀತಿಶಾಸ್ತ್ರ, ಮೂರು ವಾರದ ಕೋರ್ಸು, ಅಧ್ಯಾಪಕರಿಗೆ ಮಾತ್ರ. ನಿಂತಲ್ಲೇ ಎರಡು ಸಲ ಓದಿದೆ. ಯಂತ್ರ ಯೋಚಿಸುತ್ತದಂತೆ, ಅದರ ಸರಿ ತಪ್ಪಿನ ಬಗ್ಗೆ ಮಾತಾಡಲು ನಮ್ಮಂಥವರನ್ನು ಕರೆಯುತ್ತಾರಂತೆ. ಪ್ರಿನ್ಸಿಪಾಲರು ಅರ್ಜಿಗೆ ಸಹಿ ಹಾಕಿ, "ಹೋಗಿ ಬನ್ನಿ ಮೇಡಂ, ಇಲ್ಲಿ ನಿಮಗೇನು ಕೆಲಸ" ಎಂದರು. ಆ ಮಾತು ಚುಚ್ಚಿತು, ಆದರೂ ರಜೆ ಸಿಕ್ಕಿತಲ್ಲ ಎಂದು ಸುಮ್ಮನಾದೆ.

ಹೋಗುವಾಗ ಬರೀ ಉತ್ಸಾಹ. ಹಿಂದಿರುಗುವ ಹೊತ್ತಿಗೆ ವೆಂಕಪ್ಪಯ್ಯ ಎಂಬ ಅಡುಗೆಯವರೊಬ್ಬರ ಕೆಲಸ ಉಳಿಯುವುದೋ ಹೋಗುವುದೋ ಎಂಬುದು ನನ್ನ ಕೈಚೀಲದಲ್ಲಿದ್ದ ಕಾಗದದ ಮೇಲೆ ನಿಂತಿತ್ತು. ಎಲ್ಲೋರ ನೋಡಿದಿರಾ ಎಂದು ಎಲ್ಲರೂ ಕೇಳುತ್ತಾರೆ. ನೋಡಲಿಲ್ಲ. ನನಗೆ ಪುರುಸೊತ್ತು ಎಲ್ಲಿತ್ತು?

ಇಗತಪುರಿ

ಮುಂಬಯಿಯಲ್ಲಿ ಗಾಡಿ ಬದಲಿಸಿ ಹೊರಟರೆ ಘಾಟು ಹತ್ತಿದ ಮೇಲೆ ಇಗತಪುರಿ. ಗಾಡಿ ಅಲ್ಲಿ ನಿಧಾನಕ್ಕೆ ನಿಲ್ಲುತ್ತದೆ. ಮಳೆ ಎಂದರೆ ಎಂಥ ಮಳೆ, ಎದುರಿನ ಪ್ಲಾಟ್‌ಫಾರ್ಮು ಕಾಣಿಸುವುದಿಲ್ಲ. ನಮ್ಮ ತುಮಕೂರಿಗೆ ಇಡೀ ವರ್ಷದಲ್ಲಿ ಬೀಳುವುದನ್ನು ಇಲ್ಲಿ ಒಂದು ಮಧ್ಯಾಹ್ನಕ್ಕೆ ಸುರಿಯುತ್ತಾರೇನೋ ಅನ್ನಿಸಿತು. ಬಿಸಿ ಬಟಾಟೆವಡೆಯ ವಾಸನೆ ಬಂತು. ಇಳಿದೆ. ವಡೆ ಕೈಗೆ ಬಂದದ್ದೂ ಗಾಡಿ ಅಲುಗಿದ್ದೂ ಒಟ್ಟಿಗೆ. ಎದುರಿಗೆ ಬಂದ ಡಬ್ಬಿಗೆ ಹತ್ತಿದೆ. ಅದು ಡ್ಯೂಟಿ ಮುಗಿಸಿ ಹೊರಟ ರೈಲ್ವೆ ಕೆಲಸಗಾರರಿಂದ ತುಂಬಿತ್ತು.

ಅವರು ಸರಿದು ಜಾಗ ಮಾಡಿಕೊಟ್ಟರು. ಎಲ್ಲಿಗೆ ಎಂದು ಕೇಳಿದರು. ನನ್ನ ಹರಕು ಹಿಂದಿಯಲ್ಲಿ, ಯಂತ್ರದ ನೀತಿ ಓದಲು ಎಂದೆ. ಅವರಲ್ಲಿ ಹಿರಿಯರಾದ ಒಬ್ಬರು ಬಹಳ ಹೊತ್ತು ಯೋಚಿಸಿ, "ಬಾಯಿಜೀ, ಇಂಜಿನ್ ಕೀ ಏಕ್ ಹೀ ನೀತಿ ಹೈ. ಬ್ರೇಕ್ ಲಗನಾ ಚಾಹಿಯೆ" ಎಂದರು. ಇಂಜಿನ್ನಿಗೆ ಇರುವುದು ಒಂದೇ ನೀತಿ, ಬ್ರೇಕು ಹಿಡಿಯಬೇಕು. ಎಲ್ಲರೂ ತಲೆಯಾಡಿಸಿದರು. ನಾನು ಅದನ್ನು ಅಲ್ಲಿಯೇ ವಡೆಯ ಕಾಗದದ ಮೇಲೆ ಬರೆದುಕೊಂಡೆ. ಎಣ್ಣೆ ಹೀರಿ ಅಕ್ಷರ ಒಂದೂ ಉಳಿಯಲಿಲ್ಲ.

ನಾಸಿಕ್

ನಾಸಿಕ್ ರೋಡ್ ಸ್ಟೇಷನ್ನಿಗೆ ಸುಮಿತ್ರಾ ಬಂದಿದ್ದಳು. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು. ಈಗ ಬ್ಯಾಂಕಿನಲ್ಲಿ ಆಫೀಸರು, ವರ್ಗವಾಗಿ ಬಂದು ಮೂರು ವರ್ಷ. ಅವಳ ಎಂಟು ವರ್ಷದ ಮಗಳು ಕೇತಕಿಗೆ ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಹೆಸರೇನು ಪುಟ್ಟ ಎಂದರೆ "ಮಾಝ ನಾವ್ ಕೇತಕಿ" ಎಂದು ಅಮ್ಮನ ಹಿಂದೆ ಅಡಗಿಕೊಂಡಳು.

"ಏನ ಕಮಲಾ, ಯಂತ್ರಕ್ಕ ನೀತಿಪಾಠ ಹೇಳಲಿಕ್ಕೆ ಹೊಂಟೀಯಂತ" ಎಂದು ಸುಮಿತ್ರಾ ಶುರು ಮಾಡಿದಳು. "ಮೊದಲ ನಮ್ಮ ಮ್ಯಾನೇಜರಗ ಹೇಳಿ ಹೋಗವಾ. ಆ ಮನಶ್ಯಾಗ ಭಾಳ ಅಗತ್ಯ ಅದ."

ಕೋರ್ಸಿನವರು ಮೊದಲೇ ಕಾಗದ ಬರೆದಿದ್ದರು. ಬರುವಾಗ ಒಬ್ಬ ತಜ್ಞರನ್ನು ಹಿಡಿದು, ಅವರ ಕೆಲಸದ ಗುಟ್ಟುಗಳನ್ನು ಹೀಗಿದ್ದರೆ ಹೀಗೆ ಮಾಡು ಎಂಬ ನಿಯಮಗಳಾಗಿ ಬರೆದು ತರಬೇಕು. ಕಂಪ್ಯೂಟರಿಗೆ ಅವನ್ನು ಕಲಿಸಿ, ಆಮೇಲೆ ಅದರ ಸರಿ ತಪ್ಪುಗಳನ್ನು ಚರ್ಚಿಸುವುದು. ಉಳಿದವರು ವೈದ್ಯರನ್ನೋ ವಕೀಲರನ್ನೋ ಹಿಡಿದಿರುತ್ತಾರೆ. ನನಗೆ ಯಾರೂ ಸಿಕ್ಕಿರಲಿಲ್ಲ. ಸುಮಿತ್ರಾ ಒಂದು ನಿಮಿಷವೂ ತಡೆಯಲಿಲ್ಲ.

"ತಜ್ಞರು ಬೇಕ? ನಡಿ, ರಾಯರ ಹೋಟೆಲಿಗೆ ಹೋಗೂಣು. ಅಲ್ಲೆ ವೆಂಕಪ್ಪಯ್ಯ ಅಂತ ಅಡಿಗಿಯವರು ಅದಾರ. ಸಾಂಬಾರಿಗೆ ಉಪ್ಪು ಹಾಕಿ ರುಚೀನ ನೋಡೂದಿಲ್ಲ. ಮೂರು ವರ್ಷದಾಗ ನನ್ನ ನಾಲಗಿಗೆ ಒಂದು ದಿನಾನೂ ತಪ್ಪು ಸಿಕ್ಕಿಲ್ಲ."

ರಾಯರು ಉಡುಪಿಯ ಕಡೆಯವರು. ಅವರ ಅಪ್ಪ ಕಟ್ಟಿದ ಹೋಟೆಲು. ನಾಸಿಕದವರ ಸಾಂಬಾರಿನ ರೀತಿಯೇ ಬೇರೆ. ಅವರಿಗೆ ಮಿಸಳ್, ಅಂದರೆ ಮೊಳಕೆಕಾಳಿನ ಖಾರದ ಸಾರಿಗೆ ಸೇವು ಉದುರಿಸಿದ್ದು, ತಿಂದು ಅಭ್ಯಾಸ. ಹಾಗಾಗಿ ಇಡ್ಲಿಯನ್ನು ಪುಡಿ ಮಾಡಿ ಬಟ್ಟಲಿನಲ್ಲಿ ಮುಳುಗಿಸಿ, ಮೇಲೆ ಸೇವು ಉದುರಿಸಿ, ಹೆಚ್ಚಿದ ಈರುಳ್ಳಿ ಹಾಕಿ, ನಿಂಬೆ ಹಿಂಡಿ, ಇನ್ನೊಂದು ಸೌಟು ಸಾಂಬಾರು ಕೇಳುತ್ತಾರೆ. ನಮ್ಮ ಊರಿನಲ್ಲಿ ಇಡ್ಲಿಗೆ ಹೀಗೆ ಮಾಡಿದರೆ ಮನೆಯಿಂದ ಆಚೆ ಹಾಕುತ್ತಾರೆ. ನಾನೂ ಎರಡನೆಯ ದಿನ ಹಾಗೆಯೇ ತಿಂದೆ. ಚೆನ್ನಾಗಿತ್ತು, ಯಾರಿಗೂ ಹೇಳಬೇಡಿ.

ವಿಷಯ ಕೇಳಿ ರಾಯರು ಖುಷಿಯಾದರು. "ಬರ್ಕೊಳ್ಳಿ ಮೇಡಂ, ಧಾರಾಳವಾಗಿ ಬರ್ಕೊಳ್ಳಿ. ಆದ್ರೆ ಒಂದು ಪ್ರತಿ ನನಗೂ ಬೇಕು."

"ಖಂಡಿತ ಕೊಡುತ್ತೇನೆ" ಎಂದೆ, ಅವರ ಮಾತು ಮುಗಿಯುವ ಮೊದಲೇ. ಮಾತು ಕೊಡುವುದರಲ್ಲಿ ನಾನು ಬಹಳ ಚುರುಕು.

ಹೋಟೆಲಿನ ಒಳಗೆ

ವೆಂಕಪ್ಪಯ್ಯನವರಿಗೆ ಅರವತ್ತಕ್ಕೆ ಒಂದೆರಡು ಕಡಿಮೆ. ಬ್ರಹ್ಮಾವರದ ಹತ್ತಿರದವರು. ತೆಳ್ಳಗಿನ ಆಳು, ಸೊಂಟಕ್ಕೆ ಪಂಚೆ, ಹೆಗಲಿಗೆ ಅವರ ಕಡೆಯವರು ಬೈರಾಸು ಎನ್ನುವ ಟವೆಲು. ಒಲೆಯ ಮೇಲೆ, ಒಳಗೆ ನಾನು ಕೂತರೂ ಹಿಡಿಸುವಷ್ಟು ದೊಡ್ಡ ಕೊಪ್ಪರಿಗೆ.

"ಉಪ್ಪು ಎಷ್ಟು ಹಾಕುತ್ತೀರಿ?" ಎಂದು ಪೆನ್ನು ಬಿಚ್ಚಿದೆ.

"ಬೇಕಾದಷ್ಟು."

"ಬೇಕಾದಷ್ಟು ಎಂದರೆ?"

"ಸಾಕಾಗುವಷ್ಟು."

ನನ್ನ ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಸೊನ್ನೆ. ನಾನು ಬಿಡಲಿಲ್ಲ. "ಸಾಕಾಯಿತು ಎಂದು ಹೇಗೆ ಗೊತ್ತಾಗುತ್ತದೆ? ರುಚಿ ನೋಡುವುದಿಲ್ಲವಂತಲ್ಲ?"

ಅವರು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. "ಎಂತ ಟೀಚರೇ, ದೇವರಿಗೆ ತೋರಿಸುವ ಮೊದಲು ನಾಲಗೆಗೆ ಹಾಕುದಾ?"

ಒಲೆಯ ಮೇಲ್ಗಡೆ ಗೋಡೆಯಲ್ಲಿ ಹೊಗೆ ಹಿಡಿದ ಕೃಷ್ಣನ ಪಟವಿತ್ತು. ಮೊದಲ ಸೌಟು ಅದಕ್ಕೆ ತೋರಿಸಿ, ಆಮೇಲೆ ಗಿರಾಕಿಗಳಿಗೆ. ಎಲ್ಲ ಮುಗಿದ ಮೇಲೆ ಮಧ್ಯಾಹ್ನ ಮೂರಕ್ಕೆ ಅವರ ಊಟ, ಅದೂ ಮಜ್ಜಿಗೆ ಅನ್ನ. ಅಂದರೆ ಊರಿಗೆಲ್ಲ ಸಾಂಬಾರು ಬಡಿಸುವ ಮನುಷ್ಯ ತನ್ನ ಸಾಂಬಾರನ್ನು ತಿನ್ನುತ್ತಲೇ ಇರಲಿಲ್ಲ.

"ಮತ್ತೆ ಹೇಗೆ?"

"ಮೂಗು ಉಂಟಲ್ಲ."

"ಉಪ್ಪಿಗೆ ವಾಸನೆ ಎಲ್ಲಿಯದು?"

"ಉಪ್ಪಿಗೆ ಇಲ್ಲ. ಉಪ್ಪು ಬಿದ್ದ ಮೇಲೆ ಹುಳಿಯ ವಾಸನೆ ಬದಲಾಗ್ತದೆ. ಉಪ್ಪು ಕಮ್ಮಿ ಇದ್ರೆ ಹುಳಿ ಮೂಗಿಗೆ ಕುತ್ತುತ್ತದೆ. ಸರಿಯಾದ್ರೆ ಒಳಗೆ ಹೋಗಿ ಮೆಲ್ಲ ಕೂತ್ಕೊಳ್ತದೆ. ಬನ್ನಿ ಇಲ್ಲಿ, ಮೂಗು ಹಾಕಿ."

ಹಾಕಿದೆ. ಕನ್ನಡಕಕ್ಕೆ ಹಬೆ ಕೂತು ಕಣ್ಣು ಕುರುಡಾಯಿತು, ಕೆಮ್ಮು ಬಂತು. ನಾಲ್ಕು ದಿನ ಹೀಗೆಯೇ ನಡೆಯಿತು. ಮೊದಲ ದಿನ ಒಂದು ಪದ ಹೇಳಲು ಒದ್ದಾಡಿದ ಮನುಷ್ಯ ಮೂರನೆಯ ದಿನಕ್ಕೆ ನನಗಿಂತ ಜೋರಾದರು. ನಾನು ಹೊರಗೆ ಕಾಫಿ ಕುಡಿಯುತ್ತಿದ್ದರೆ ಒಳಗಿನಿಂದ ಕೂಗು: "ಟೀಚರೇ, ಬೇಗ ಬನ್ನಿ, ಈಗ ಒಂದು ವಾಸನೆ ಬರ್ತದೆ, ಮತ್ತೆ ಸಿಕ್ಕುದಿಲ್ಲ." ಎಲ್ಲ ಬಿಟ್ಟು ಓಡುತ್ತಿದ್ದೆ. ಮೋಡ ಕವಿದ ದಿನ ಬೇಳೆಗೆ ನೀರು ಎಷ್ಟು, ಕುಂಬಳ ಹಳತಾದರೆ ಹುಳಿ ಯಾವಾಗ, ಇಂಗು ಒಗ್ಗರಣೆಗೆ ಮೊದಲೋ ಆಮೇಲೋ. ಎರಡು ನೋಟ್‌ಬುಕ್ಕು ತುಂಬಿತು. ನಾಲ್ಕನೆಯ ದಿನ ನಾನೇ ಮೂಗು ಹಾಕಿ "ಇನ್ನೂ ಕುತ್ತುತ್ತಿದೆ" ಎಂದೆ. ವೆಂಕಪ್ಪಯ್ಯ ಒಂದು ಹಿಡಿ ಉಪ್ಪು ಹಾಕಿ ನಕ್ಕರು. ಎಂ.ಎ.ಯಲ್ಲಿ ರ್‍ಯಾಂಕ್ ಬಂದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ನಿಫಾಡಿನ ಮೇಲಿಂದ

ಔರಂಗಾಬಾದಿಗೆ ಕೆಂಪು ಬಸ್ಸು. ದಾರಿಯಲ್ಲಿ ನಿಫಾಡ್ ಬರುತ್ತದೆ, ದ್ರಾಕ್ಷಿಯ ಊರು, ಕಿಟಕಿ ಪಕ್ಕ ಕೂಡು ಎಂದು ಸುಮಿತ್ರಾ ಹೇಳಿದ್ದಳು. ನಾನು ಒಂದು ಖಾಲಿ ಚೀಲವನ್ನೇ ಇಟ್ಟುಕೊಂಡಿದ್ದೆ. ನಿಫಾಡ್ ಬಂತು, ಹಂದರಗಳು ಬಂದವು, ಮೈಲುಗಟ್ಟಲೆ ಹಸಿರು ಎಲೆ. ಒಂದು ಗೊಂಚಲೂ ಇಲ್ಲ. ಪಕ್ಕದಲ್ಲಿದ್ದ ರೈತ ಹೆಂಗಸಿಗೆ ಚೀಲ ತೋರಿಸಿ ದ್ರಾಕ್ಷಿ ಎಲ್ಲಿ ಎಂದೆ. ಆಕೆ ಪಕ್ಕದವಳಿಗೆ ಹೇಳಿ, ಪಕ್ಕದವಳು ಹಿಂದಿನವಳಿಗೆ ಹೇಳಿ, ಇಡೀ ಬಸ್ಸು ನಕ್ಕಿತು. ದ್ರಾಕ್ಷಿ ಬರುವುದು ಚಳಿ ಮುಗಿಯುವ ಹೊತ್ತಿಗಂತೆ. ಆಷಾಢದ ಮಳೆಯಲ್ಲಿ ಚೀಲ ಹಿಡಿದು ಬಂದವಳು ನಾನೊಬ್ಬಳೇ ಇರಬೇಕು. ಆಕೆ ತನ್ನ ಗಂಟು ಬಿಚ್ಚಿ, ಬೆಳ್ಳುಳ್ಳಿ ಚಟ್ನಿ ಸವರಿದ ಸಜ್ಜೆ ಭಾಕರಿ ಅರ್ಧ ಮುರಿದು ಕೊಟ್ಟಳು. ಯಾರೆಂದು ಕೇಳದೆ ಊಟ ಕೊಡುವುದು ಆ ಕಡೆಯವರ ರೂಢಿ. ನಮ್ಮ ಕಡೆ ಮೊದಲು ಯಾವ ಊರು, ಯಾರ ಮಗಳು ಎಂದು ಕೇಳಿ ಮುಗಿಸುವಷ್ಟರಲ್ಲಿ ರೊಟ್ಟಿ ಆರಿರುತ್ತದೆ.

ಔರಂಗಾಬಾದ್, ಚಪ್ಪಲಿ ಬಿಡುವ ಕೋಣೆ

ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಧೂಳು ಬಿದ್ದರೆ ಅದಕ್ಕೆ ಆಗುವುದಿಲ್ಲವಂತೆ. ಮೊದಲ ದಿನ ಒಳಗೆ ಹೋಗುವಾಗ ಅಭ್ಯಾಸಬಲದಿಂದ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಹಿಂದೆ ಇದ್ದ ಇಂಜಿನಿಯರೊಬ್ಬ ಕೆಮ್ಮಿದ. ಹೊರಗೆ ಬಂದಾಗ ನನ್ನ ಬಲಗಾಲಿನ ಚಪ್ಪಲಿ ಯಾರದೋ ಕಾಲಿನಲ್ಲಿ ಹೋಗಿತ್ತು. ಒಂದು ವಾರ ಒಂದು ಕಂದು, ಒಂದು ಕಪ್ಪು ಹಾಕಿಕೊಂಡು ನೀತಿಶಾಸ್ತ್ರ ಓದಿದೆ.

ನಾವು ಇಪ್ಪತ್ತು ಜನ. ಅರ್ಧ ತತ್ತ್ವಶಾಸ್ತ್ರದವರು, ಅರ್ಧ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ ಹೇಳುವ ಇಂಜಿನಿಯರುಗಳು. ನಾವು ಕೀ ಒತ್ತಲು ಹೆದರುತ್ತಿದ್ದೆವು, ಅವರು ಪ್ರಬಂಧ ಎಂದರೆ ನಡುಗುತ್ತಿದ್ದರು. ಪಾಠ ಮಾಡುವವರು ಲೇಲೆ ಬಾಯಿ; ನಾವು ಮೇಡಂ ಎನ್ನುವ ಕಡೆ ಅಲ್ಲಿಯವರು ಬಾಯಿ ಎನ್ನುತ್ತಾರೆ. ಗಿಡ್ಡಗಿನ ಹೆಂಗಸು, ಕಾಟನ್ ಸೀರೆ, ಸೆರಗಿನಲ್ಲಿ ಸದಾ ಸೀಮೆಸುಣ್ಣ. ಮೊದಲ ದಿನ ಬೋರ್ಡಿನ ಮೇಲೆ ಒಂದೇ ಸಾಲು ಬರೆದು ಕೂತುಬಿಟ್ಟರು: ಯಂತ್ರ ತಪ್ಪಿದರೆ ಯಾರನ್ನು ಕೇಳಬೇಕು?

ರೋಗ ಯಾವುದೆಂದು ಯಂತ್ರ ಹೇಳಿತು, ಡಾಕ್ಟರು ನಂಬಿದರು, ರೋಗಿಗೆ ಹೆಚ್ಚಾಯಿತು. ತಪ್ಪು ಯಾರದು? ಇಂಜಿನಿಯರುಗಳು, ನಂಬಿದ ಡಾಕ್ಟರದು ಎಂದರು. ನಾವು, ಮೊದಲು ತಪ್ಪು ಎಂದರೇನು ಹೇಳಿ ಎಂದೆವು. ಮಧ್ಯಾಹ್ನದ ಊಟದ ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಹತ್ತು ವರ್ಷ ನಿದ್ದೆಗಣ್ಣಿನವರಿಗೆ ಪಾಠ ಹೇಳಿ ಒಣಗಿದ್ದ ನನಗೆ, ಒಂದು ಪ್ರಶ್ನೆಗಾಗಿ ಊಟ ಬಿಡುವ ಜನರನ್ನು ಕಂಡು ಹುಚ್ಚು ಸಂತೋಷವಾಯಿತು.

ನನ್ನ ಜೋಡಿಗೆ ಸಲೀಂ ಎಂಬ ಇಂಜಿನಿಯರನ್ನು ಹಾಕಿದರು. ಮಾಲೇಗಾಂವಿನವನು, ಮನೆಯಲ್ಲಿ ಪವರ್‌ಲೂಮು. ನನ್ನ ನೋಟ್‌ಬುಕ್ಕಿನ ನಿಯಮಗಳನ್ನು ಅವನು ಒಂದೊಂದಾಗಿ ಕಂಪ್ಯೂಟರಿಗೆ ಊಡಿಸಿದ. ನಾಲ್ಕನೆಯ ದಿನ ಪರದೆಯ ಮೇಲೆ ಹಸಿರು ಇಂಗ್ಲಿಷ್ ಅಕ್ಷರ ಬಂತು: ಬೇಳೆ ಬೆಂದಿದೆಯೇ? ಹೌದು ಎಂದು ಒತ್ತಿದೆ. ತರಕಾರಿ ಬೆರಳಿಗೆ ಮೆತ್ತಗಿದೆಯೇ? ಹೌದು. ಈಗ ಹುಳಿ ಹಾಕಿ ಎಂದಿತು. ಏಕೆ ಎಂದು ಕೇಳಲು ಒಂದು ಕೀಲಿ ಇತ್ತು. ಒತ್ತಿದೆ. ತರಕಾರಿ ಬೇಯುವ ಮೊದಲು ಹುಳಿ ಬಿದ್ದರೆ ಅದು ಬೇಯುವುದಿಲ್ಲ, ಆದ್ದರಿಂದ, ಎಂದಿತು. ವೆಂಕಪ್ಪಯ್ಯನವರ ಮಾತೇ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಏಕೆ ಎಂದರೆ ಉತ್ತರ ಕೊಡುವ ವಿದ್ಯಾರ್ಥಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೆಸ್ಸಿನ ಸಾಂಬಾರು

ಪರೀಕ್ಷೆಗೆ ಹಾಸ್ಟೆಲಿನ ಮೆಸ್ಸನ್ನೇ ಆರಿಸಿದೆವು. ಅಡುಗೆಯವರು ಸಾಂಬಾರು ಮಾಡಿದವರಲ್ಲ, ದಿನಾ ವರಣ್ ಎಂಬ ತೊವ್ವೆ ಮಾಡುವವರು. ಕಂಪ್ಯೂಟರು ಅಡುಗೆಮನೆಗೆ ಬರುವ ಹಾಗಿಲ್ಲ. ಹಾಗಾಗಿ ಸಲೀಂ ಕೋಣೆಯಲ್ಲಿ, ನಾನು ಒಲೆಯ ಹತ್ತಿರ, ನಡುವೆ ಇಬ್ಬರು ಇಂಜಿನಿಯರುಗಳು ಪ್ರಶ್ನೆ ಉತ್ತರ ಹೊತ್ತುಕೊಂಡು ಮೆಟ್ಟಿಲು ಹತ್ತಿ ಇಳಿಯುವುದು. ನಾನು ಬಾಯಿ ಬಿಡಬಾರದೆಂದು ಲೇಲೆ ಬಾಯಿ ಕಟ್ಟಪ್ಪಣೆ ಮಾಡಿದ್ದರು.

ಕೊನೆಗೆ ಯಂತ್ರ ಕೇಳಿತು: ಹುಳಿಯ ವಾಸನೆ ಮೂಗಿಗೆ ಚುಚ್ಚುತ್ತಿದೆಯೇ, ಒಳಗೆ ಕೂತಿದೆಯೇ? ಚುಚ್ಚುತ್ತಿದ್ದರೆ ಉಪ್ಪು ಹಾಕು ಎನ್ನುವುದು ನಿಯಮ. ಮೆಸ್ಸಿನವರು ಒಮ್ಮೆ ಮೂಸಿ, "ಬರೋಬರ್ ಆಹೆ" ಎಂದರು. ಸರಿ ಇದೆ ಎಂದು ಮೇಲೆ ಹೋಯಿತು. ಹಾಗಾದರೆ ಬಡಿಸಿ ಎಂದು ಕೆಳಗೆ ಬಂತು. ಬಡಿಸಿದರು. ಇಪ್ಪತ್ತು ಜನ ಒಂದೇ ತುತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಪ್ಪೇ ಇರಲಿಲ್ಲ.

ಲೇಲೆ ಬಾಯಿ ತಟ್ಟೆ ಸರಿಸಿ, "ಈಗ ಹೇಳಿ, ಯಾರನ್ನು ಕೇಳೋಣ?" ಎಂದರು. ಮೂಸಿ ನೋಡಿದವರನ್ನೋ, ನಿಯಮ ಬರೆದ ನನ್ನನ್ನೋ, ಕೀ ಒತ್ತಿದ ಸಲೀಂನನ್ನೋ, ಎಲ್ಲೋ ನಾಸಿಕದಲ್ಲಿದ್ದ ವೆಂಕಪ್ಪಯ್ಯನವರನ್ನೋ? ಮೆಸ್ಸಿನವರು ತಮ್ಮ ಮೇಲೆ ಬಂತೆಂದು ಸಿಟ್ಟಾಗಿ, ನಾಳೆಯಿಂದ ನೀವೇ ಮಾಡಿಕೊಳ್ಳಿ ಎಂದು ಸೌಟು ಕೊಟ್ಟು ಹೋದರು. ಆ ದಿನ ನಾವು ವಾದ ಮಾಡಿದಷ್ಟು ಮತ್ತೆ ನಾನು ಎಲ್ಲಿಯೂ ಮಾಡಿಲ್ಲ.

ಸಲೀಂ ಮಾತ್ರ ತಣ್ಣಗಿದ್ದ. "ಮೇಡಂ, ಮೂಗು ಯಂತ್ರದೊಳಗೆ ಹೋಗುವುದಿಲ್ಲ. ಅಳತೆ ಹೋಗುತ್ತದೆ" ಎಂದ. ಮೆಸ್ಸಿನವರ ಕಾಲು ಹಿಡಿದು ಕರೆತಂದೆವು. ಮುಂದಿನ ಒಂಬತ್ತು ದಿನ ನಾನು ಮೂಸುವುದು, ಅವನು ತೂಗುವುದು. ಇಷ್ಟು ಬೇಳೆಗೆ ಇಷ್ಟು ಹುಳಿ, ಇಷ್ಟು ಹುಳಿಗೆ ಇಷ್ಟು ಉಪ್ಪು. ಹತ್ತನೆಯ ದಿನ ನಾನು ಅಡುಗೆಮನೆಗೆ ಕಾಲಿಡಲೇ ಇಲ್ಲ. ಮೆಸ್ಸಿನವರೂ ಯಂತ್ರವೂ ಸೇರಿ ಮಾಡಿದ ಸಾಂಬಾರು ಬಂತು. ವೆಂ-ಕ-ಪ್ಪ-ಯ್ಯ ಎಂದು ನಾನು ಮೇಜು ಕುಟ್ಟಿದೆ. ಸಲೀಂ ಮೂರು ಸಲ ಹಾಕಿಸಿಕೊಂಡ. ಗೆದ್ದೆವು.

ರಾಯರ ಹೊಸ ಜಾಗ

ಅದೇ ದಿನ ರಾಯರು ಬಂದರು. ಔರಂಗಾಬಾದಿನಲ್ಲಿ ಏನೋ ಕೆಲಸವಿದೆ, ಹಾಗೇ ನೋಡಿಕೊಂಡು ಹೋಗುವ ಎಂದರು. ನಾನು ಕುಣಿಯುತ್ತ ಅವರನ್ನು ಮೆಸ್ಸಿಗೆ ಕರೆದೊಯ್ದು ಬಡಿಸಿದೆ. ಎರಡು ತುತ್ತು ತಿಂದು ಅವರು ಕಣ್ಣು ಮುಚ್ಚಿಕೊಂಡರು. "ಇದು ನಮ್ಮದೇ ಮಾರಾಯ್ರೆ. ಇದನ್ನು ಮಾಡಿದ್ದು ಯಾರು?" ಮೆಸ್ಸಿನವರನ್ನು ತೋರಿಸಿದೆ. ರಾಯರು ಅವರನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಯಾರೂ ಮಾಡಬಹುದು" ಎಂದರು.

ಊಟ ಮುಗಿಸಿ ನನ್ನನ್ನು ಆಟೋದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕರೆದೊಯ್ದರು. ಹೊಸ ಕಟ್ಟಡ, ಇನ್ನೂ ಸುಣ್ಣದ ವಾಸನೆ. "ಇದು ನಮ್ಮ ಎರಡನೇ ಹೋಟೆಲು. ಇಲ್ಲಿ ಒಲೆ, ಇಲ್ಲಿ ರುಬ್ಬುವ ಯಂತ್ರ. ಭಟ್ಟರು ಗಿಟ್ಟರು ಯಾರೂ ಬೇಡ. ನಿಮ್ಮ ಕಾಗದ ಗೋಡೆಗೆ ಅಂಟಿಸುದು, ಯಾರನ್ನಾದ್ರೂ ನಿಲ್ಲಿಸುದು. ನಾಸಿಕಕ್ಕೂ ಅದೇ ಸಾಕು. ವೆಂಕಪ್ಪಯ್ಯನಿಗೂ ವಯಸ್ಸಾಯ್ತು. ಚೌತಿಗೆ ಊರಿಗೆ ಕಳಿಸ್ತೇನೆ, ತಂಗಿ ಮನೆಯಲ್ಲಿ ಆರಾಮ ಇರಲಿ."

ಬಹಳ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ಹೆದರಿಕೆಯಾದದ್ದು. ಟೀಚರೇ ಬೇಗ ಬನ್ನಿ, ಮತ್ತೆ ಸಿಕ್ಕುದಿಲ್ಲ ಎಂದು ಕೂಗಿದ ಮನುಷ್ಯನ ಕೆಲಸವನ್ನು ನಾನು ನಾಲ್ಕು ದಿನದಲ್ಲಿ ಅವರ ಬಾಯಿಂದಲೇ ತೆಗೆದುಕೊಂಡು ಬಂದಿದ್ದೆ. ಕಾಗದ ಇನ್ನೂ ಪೂರ್ತಿಯಾಗಿಲ್ಲ, ಹಿಂದಿರುಗುವಾಗ ತಂದುಕೊಡುತ್ತೇನೆ ಎಂದಷ್ಟೇ ಹೇಳಿ ಬಂದೆ.

ಸಲೀಂಗೆ ಹೇಳಿದೆ. ಅವನು ಕೀಬೋರ್ಡಿನ ಧೂಳು ಒರೆಸುತ್ತಲೇ ಹೇಳಿದ. "ನಮ್ಮ ತಾತ ಕೈಮಗ್ಗದವರು ಮೇಡಂ. ಮಗ್ಗಕ್ಕೆ ಮೋಟರು ಬಂದದ್ದು ತಪ್ಪು ಅಂತ ಅವರು ಎಂದೂ ಹೇಳಲಿಲ್ಲ. ತಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ ಅಂತ ಸಾಯುವವರೆಗೂ ಹೇಳುತ್ತಿದ್ದರು."

ಲೇಲೆ ಬಾಯಿಯ ಹತ್ತಿರ ಹೋದೆ. ರಾಯರಿಗೆ ಮಾತು ಕೊಟ್ಟಿದ್ದೇನೆ, ಮಾತು ಮುರಿಯುವುದು ತಪ್ಪು ಎಂದು ಹತ್ತು ವರ್ಷದಿಂದ ಪಾಠ ಹೇಳಿದ್ದೇನೆ, ಈಗ ಏನು ಮಾಡಲಿ ಎಂದೆ.

"ನೀವು ಅನುಮತಿ ಕೇಳಿದ್ದು ಯಾರನ್ನು?"

"ಹೋಟೆಲಿನ ಯಜಮಾನರನ್ನು."

"ಮೂಗು ಯಾರದು?"

ಅವರು ಸರ್ಟಿಫಿಕೇಟಿಗೆ ಸಹಿ ಹಾಕಿ ಕೈಗಿತ್ತರು. ಆ ಸಂಜೆ ನಾನೂ ಸಲೀಂನೂ ಕೂತು ಇಡೀ ಪಟ್ಟಿಯನ್ನು ಮತ್ತೆ ಅಚ್ಚು ಹಾಕಿದೆವು. ಈ ಸಲ ಪ್ರತಿ ನಿಯಮದ ಮುಂದೆ ಅದನ್ನು ಕೊಟ್ಟವರ ಹೆಸರು. ವೆಂಕಪ್ಪಯ್ಯ, ವೆಂಕಪ್ಪಯ್ಯ, ವೆಂಕಪ್ಪಯ್ಯ. ಹನ್ನೊಂದು ಪುಟ.

ಮತ್ತೆ ನಾಸಿಕ್

ಮಧ್ಯಾಹ್ನ ಮೂರರ ಹೊತ್ತು. ಊಟದ ಗಲಾಟೆ ಮುಗಿದಿತ್ತು. ವೆಂಕಪ್ಪಯ್ಯ ಒಳಗೆ ಮಣೆಯ ಮೇಲೆ ಕೂತು ಕೊತ್ತಂಬರಿ ಸೋಸುತ್ತಿದ್ದರು. ನಾನು ಎದುರಿಗೆ ನೆಲದ ಮೇಲೆ ಕೂತೆ. ಬಸ್ಸಿನುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ನಿಮ್ಮಿಂದ ಬರೆದುಕೊಂಡದ್ದನ್ನು ರಾಯರಿಗೆ ಕೊಡುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದೆ. ಇದನ್ನು ಕೊಟ್ಟರೆ ಅವರು ನಿಮ್ಮನ್ನು ಊರಿಗೆ ಕಳಿಸುತ್ತಾರೆ. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ತಪ್ಪಾಯಿತು."

ಅವರು ಕೊತ್ತಂಬರಿಯ ಬೇರು ಮುರಿಯುತ್ತಲೇ ಇದ್ದರು. "ಗೊತ್ತುಂಟು ಟೀಚರೇ. ನೀವು ಬರೆಯುವಾಗಲೇ ಗೊತ್ತಿತ್ತು. ರಾಯರು ಸುಮ್ಮನೆ ಯಾರನ್ನೂ ಒಳಗೆ ಬಿಡುವ ಜನ ಅಲ್ಲ."

"ಮತ್ತೆ ಯಾಕೆ ಹೇಳಿದಿರಿ?"

"ನೀವು ಕೇಳಿದಿರಲ್ಲ." ತಲೆ ಎತ್ತಿದರು. "ಮೂವತ್ತೆರಡು ವರ್ಷ ಆಯ್ತು ಈ ಒಲೆ ಎದುರು. ಎಲ್ಲರೂ ಕೇಳುದು ಆಯ್ತಾ ಅಂತ. ಹೇಗೆ ಅಂತ ಯಾರು ಕೇಳಿದ್ದು? ಕೇಳಿದವರಿಗೆ ಹೇಳದೆ ಇರ್ಲಿಕ್ಕೆ ಆಗ್ತದಾ?"

ನನಗೆ ಅಳು ತಡೆಯಲಾಗಲಿಲ್ಲ. ಅವರು ಬೈರಾಸಿನ ಒಣಗಿದ ತುದಿ ಹುಡುಕಿ ಮುಂದೆ ಹಿಡಿದರು. ನಾನು ಕಾಗದದ ಕಟ್ಟನ್ನು ಅವರ ಕೈಯಲ್ಲಿ ಇಟ್ಟೆ. ಇದು ನಿಮ್ಮದು, ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು, ಬೇಡವೆಂದರೆ ನಾನೇ ರಾಯರಿಗೆ ಹೇಳುತ್ತೇನೆ ಎಂದೆ. ಅವರಿಗೆ ಇಂಗ್ಲಿಷು ಬಾರದು. ಓದಿ ಅಂದರು. ಒಂದೊಂದನ್ನೂ ಕನ್ನಡ ಮಾಡಿ ಓದಿದೆ. ನಾಲ್ಕನೆಯ ಪುಟದಲ್ಲಿ "ಇದು ತಪ್ಪು" ಎಂದು ಎದ್ದೇ ಬಿಟ್ಟರು, ಕುಂಬಳದ ವಿಷಯದಲ್ಲಿ. ತಿದ್ದಿಕೊಂಡೆ.

ಅಷ್ಟರಲ್ಲಿ ರಾಯರು ಬಂದರು. ವೆಂಕಪ್ಪಯ್ಯ ತಾವೇ ಕಟ್ಟನ್ನು ಅವರ ಕೈಗೆ ಕೊಟ್ಟರು. ರಾಯರು ಪುಟ ತಿರುಗಿಸಿದರು, ಇನ್ನೊಂದು ತಿರುಗಿಸಿದರು.

"ಇದೆಂತ ಮೇಡಂ, ಸಾಲು ಸಾಲಿಗೂ ಇವರ ಹೆಸರು?"

"ತಪ್ಪಾದರೆ ಯಾರನ್ನು ಕೇಳಬೇಕು ಎಂದು ಗೊತ್ತಿರಬೇಕಲ್ಲ, ಅದಕ್ಕೆ."

"ಅದು ಹೇಗೆ ಆಗ್ತದೆ?" ರಾಯರು ರೇಗಿದರು. "ಹೋಟೆಲು ಔರಂಗಾಬಾದಿನಲ್ಲಿ, ಇವರು ಬ್ರಹ್ಮಾವರದಲ್ಲಿ. ಸಾಂಬಾರು ಕೆಟ್ರೆ ನಾನು ಯಾರನ್ನು ಕೇಳುದು?"

ಕೇಳಿದ ಮೇಲೆ ತಮ್ಮ ಪ್ರಶ್ನೆ ಅವರಿಗೇ ಕೇಳಿಸಿತೆಂದು ಕಾಣುತ್ತದೆ. ಹೊರಗೆ ಯಾರೋ ಇನ್ನೊಂದು ಸಾಂಬಾರು ಎಂದು ಕೂಗಿದರು. ರಾಯರು ಕಟ್ಟನ್ನು ಮೊದಲ ಪುಟದಿಂದ ಕೊನೆಯವರೆಗೆ ಮತ್ತೆ ನೋಡಿದರು, ಬರೀ ಹೆಸರುಗಳನ್ನೇ ಓದುತ್ತಿದ್ದ ಹಾಗೆ ಕಂಡಿತು.

"ಆರು ತಿಂಗಳು" ಎಂದರು ಕೊನೆಗೆ, ನನ್ನ ಕಡೆಗೂ ವೆಂಕಪ್ಪಯ್ಯನವರ ಕಡೆಗೂ ನೋಡದೆ. "ವೆಂಕಪ್ಪಯ್ಯ, ನೀವೇ ಔರಂಗಾಬಾದಿಗೆ ಬಂದು ನಿಲ್ಲಿ. ಆಮೇಲೆ ನೋಡುವ."

"ಆಮೇಲೆಯೂ ಅಡುಗೆ ಆಗಬೇಕಲ್ಲ ರಾಯರೇ" ಎಂದರು ವೆಂಕಪ್ಪಯ್ಯ.

ರಾಯರು ಗಲ್ಲಾಪೆಟ್ಟಿಗೆಯ ಕಡೆ ಹೋದರು. ನನಗೆ ಕುಣಿಯಬೇಕೆನಿಸಿತು, ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ವೆಂಕಪ್ಪಯ್ಯ ಆಗಲೇ ಬೇರೆ ಯೋಚನೆಗೆ ಬಿದ್ದಿದ್ದರು. ಸೋಸಿದ ಕೊತ್ತಂಬರಿಯನ್ನು ಪಕ್ಕಕ್ಕಿಟ್ಟು, ನಾನು ನಾಲ್ಕು ದಿನ ಅವರೆದುರು ಕೂತಿದ್ದ ಹಾಗೆಯೇ ಮುಂದಕ್ಕೆ ಬಾಗಿ ಕೇಳಿದರು.

"ಟೀಚರೇ, ಅಲ್ಲಿಯ ನೀರು ಹೇಗುಂಟು? ಗಡಸಾ, ಮೆದುವಾ? ಬಾಯಿಗೆ ಹಾಕಿದ್ರೆ ಮೊದಲು ಎಂತ ಗೊತ್ತಾಗ್ತದೆ?"

ಉತ್ತರ ಹೇಳಲು ಬಾಯಿ ತೆರೆದೆ. ಮೂರು ವಾರ ಅದೇ ನೀರು ಕುಡಿದಿದ್ದೆ, ಅದರಲ್ಲೇ ದಿನಾ ಬೇಳೆ ಬೇಯಿಸಿದ್ದೆ, ಹನ್ನೊಂದು ಪುಟ ನಿಯಮ ಬರೆದಿದ್ದೆ. ನೀರು ಹೇಗಿತ್ತೆಂದು ಒಂದು ದಿನವೂ ನೋಡಿರಲಿಲ್ಲ.